ಗೇರುಸಿಪ್ಪೆಯಿಂದ ಬೆನ್ನುಹುರಿಯವರೆಗೆ

ಕಳೆದ ತಿಂಗಳ ಒಂದು ಶನಿವಾರ. ಬೆಳಗಿನ ಶಾಲೆ ಮುಗಿದು ಮಕ್ಕಳೆಲ್ಲ ಹೊರಟುಹೋಗಿದ್ದರು. ನಾನು ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಕಟ್ಟಿಡುತ್ತಿದ್ದಾಗ ಒಬ್ಬ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಅವರ ಮಗ ಏಳೆಂಟು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿ. ಕಿಟಕಿ ಪಕ್ಕದ ಬೆಂಚು. ಪ್ರಶ್ನೆ ಕೇಳಿ ಕೇಳಿ ನನ್ನ ಪಾಠ ಮುಗಿಯಲು ಬಿಡದವನು. ನಾಲ್ಕು ವರ್ಷಗಳ ಕೆಳಗೆ ಒಂದು ಮಳೆಯ ರಾತ್ರಿ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ.

ತಾಯಿಯ ಕೈಯಲ್ಲಿ ಎರಡು ವಸ್ತುಗಳಿದ್ದವು. ಒಂದು, ಯಾರೋ ಫೋನಿಗೆ ಕಳಿಸಿದ್ದ ಸಂದೇಶವನ್ನು ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿದ್ದ ಹಾಳೆ. ನಮ್ಮ ಜಕ್ಕೂರಿನ ವಿಜ್ಞಾನಿಗಳು ಅರಿಶಿನದಿಂದ ನರ ಬೆಳೆಸುವ ಔಷಧಿ ಕಂಡುಹಿಡಿದಿದ್ದಾರೆಂದು ಅದರಲ್ಲಿತ್ತು. ಇನ್ನೊಂದು, ಅರಿಶಿನದ ಸಾರದ ಕ್ಯಾಪ್ಸೂಲುಗಳ ಡಬ್ಬಿ. ಆಗಲೇ ಅರ್ಧ ಖಾಲಿಯಾಗಿತ್ತು.

‘ಇದು ನಿಜವೇ ಸಾರ್? ನಿಜವಾದರೆ ಇನ್ನೂ ನಾಲ್ಕು ಡಬ್ಬಿ ತರಿಸುತ್ತೇನೆ’ ಎಂದರು.

ಮೂವತ್ತು ವರ್ಷ ಪಾಠ ಹೇಳಿದವನಿಗೆ ಇಂಥ ಪ್ರಶ್ನೆಗೆ ತಟ್ಟನೆ ಉತ್ತರ ಹೇಳುವ ಧೈರ್ಯ ಬರಲಿಲ್ಲ. ಒಂದು ವಾರ ಸಮಯ ಕೇಳಿಕೊಂಡೆ. ಓದಿ ನೋಡಿದಾಗ ತಿಳಿದದ್ದು ಇಷ್ಟು: ಆ ಸಂದೇಶ ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿನ ನಿಜ ತಲೆಕೆಳಗಾಗಿ ನಿಂತಿತ್ತು. ಅದು ಹೇಗೆಂದು ಹೇಳಬೇಕಾದರೆ ಜೀವಕೋಶದ ಒಳಗೊಮ್ಮೆ ಹೋಗಿಬರಬೇಕು.

ಮೊದಲು ಸ್ಥಳದ ವಿಷಯ. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದತ್ತ ಸಾಗುವಾಗ ಬಲಕ್ಕೆ ಜಕ್ಕೂರು. ಅಲ್ಲಿ ರಾಚೇನಹಳ್ಳಿ ಕೆರೆಯ ಮಗ್ಗುಲಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ನೆಹರೂ ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಸ್ಥಾಪನೆಯಾದದ್ದು; ನಮ್ಮವರೇ ಆದ ಪ್ರೊ. ಸಿ. ಎನ್. ಆರ್. ರಾವ್ ಅದರ ಮೊದಲ ಅಧ್ಯಕ್ಷರು. ನಮ್ಮ ಸುತ್ತಲಿನ ಎಷ್ಟೋ ಮನೆಗಳವರು ಆ ಗೇಟಿನ ಮುಂದೆ ದಿನಾ ಓಡಾಡುತ್ತಾರೆ, ಒಳಗೆ ಏನು ನಡೆಯುತ್ತದೆಂದು ಕೇಳಿದರೆ ‘ಏನೋ ರಿಸರ್ಚಂತೆ’ ಎನ್ನುತ್ತಾರೆ. ಆ ‘ಏನೋ’ಗಳಲ್ಲಿ ಒಂದು, ತಪಸ್ ಕುಮಾರ್ ಕುಂಡು ಮತ್ತು ಅವರ ವಿದ್ಯಾರ್ಥಿಗಳು ನಡೆಸಿಕೊಂಡು ಬಂದ ಕೆಲಸ. 2005ರಲ್ಲಿ ಅವರಿಗೆ ಜೀವವಿಜ್ಞಾನದ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿಯೂ ಬಂತು.

ನಿಂಬೆಹಣ್ಣಿನೊಳಗೆ ಹತ್ತು ಕಿಲೋಮೀಟರ್ ನೂಲು

ಹತ್ತನೆಯ ತರಗತಿಯವರಿಗೆ ಡಿಎನ್‌ಎ ಎಂದರೇನೆಂದು ಗೊತ್ತು. ಏಣಿಯಂಥ ಅಣು, ತಿರುಚಿಕೊಂಡಿದೆ, ಅದರಲ್ಲಿ ವಂಶವಾಹಿಗಳಿವೆ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಅದರ ಉದ್ದ ಎಷ್ಟೆಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ನಮ್ಮ ಒಂದೊಂದು ಜೀವಕೋಶದಲ್ಲಿರುವ ಡಿಎನ್‌ಎಯನ್ನು ಬಿಡಿಸಿ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದರೆ ಸುಮಾರು 2 ಮೀಟರ್. ಅದು ಹಿಡಿಯಬೇಕಾದ ಕೋಶಕೇಂದ್ರದ ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಆರು ಭಾಗ. ಕೋಶಕೇಂದ್ರವನ್ನು ನಿಂಬೆಹಣ್ಣಿನ ಗಾತ್ರಕ್ಕೆ ಹಿಗ್ಗಿಸಿದೆವು ಎನ್ನಿ. ಆಗ ಒಳಗಿನ ನೂಲಿನ ಉದ್ದ 10 ಕಿಲೋಮೀಟರ್ ಆಗುತ್ತದೆ. ಹೆಬ್ಬಾಳದ ಫ್ಲೈಓವರಿನಲ್ಲಿ ಒಂದು ತುದಿ ಕಟ್ಟಿದರೆ ಇನ್ನೊಂದು ತುದಿ ಯಲಹಂಕ ದಾಟಿರುತ್ತದೆ!

ಇಷ್ಟು ನೂಲು ಸಿಕ್ಕಾಗದೆ ಒಳಗೆ ಕೂರುವುದು ಹೇಗೆ? ಅಮ್ಮಂದಿರು ಹೊಲಿಗೆ ದಾರವನ್ನು ಇಡುವ ಹಾಗೆಯೇ, ಉರುಳೆಗಳಿಗೆ ಸುತ್ತಿಕೊಂಡು. ಉರುಳೆಗಳು ಹಿಸ್ಟೋನ್ ಎಂಬ ಪ್ರೊಟೀನಿನವು. ಎಂಟು ಹಿಸ್ಟೋನುಗಳು ಸೇರಿ ಒಂದು ಉರುಳೆ, ಅದರ ಮೇಲೆ ಡಿಎನ್‌ಎಯ ಎರಡಕ್ಕೆ ತುಸು ಕಡಿಮೆ ಸುತ್ತು. ಹೀಗೆ ಒಂದು ಕೋಶದಲ್ಲಿ ಸುಮಾರು ಮೂರು ಕೋಟಿ ಉರುಳೆಗಳು. ಡಿಎನ್‌ಎಗೆ ಋಣ ವಿದ್ಯುದಂಶ, ಹಿಸ್ಟೋನಿಗೆ ಧನ ವಿದ್ಯುದಂಶ. ಪರಸ್ಪರ ಆಕರ್ಷಣೆಯಿಂದ ಹಿಡಿತ ಬಿಗಿ.

ಈ ಬಿಗಿಯಲ್ಲೇ ಒಂದು ಗುಟ್ಟಿದೆ. ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಹಾಗಿದ್ದೂ ಕಣ್ಣು ಪಿತ್ತರಸ ಸುರಿಸುವುದಿಲ್ಲ. ಬಿಗಿಯಾಗಿ ಸುತ್ತಿಟ್ಟ ಕಡೆಯ ವಂಶವಾಹಿಯನ್ನು ಕೋಶ ಓದಲಾರದು, ಸಡಿಲವಾದ ಕಡೆ ಓದಬಲ್ಲದು. ಬೀರುವಿನಲ್ಲಿ ಎಲ್ಲ ಪುಸ್ತಕಗಳೂ ಇವೆ. ಹೆಚ್ಚಿನವಕ್ಕೆ ದಾರ ಕಟ್ಟಿದೆ, ಅಷ್ಟೆ.

ದಾರ ಬಿಚ್ಚುವವರು ಯಾರು? ಇದರ ಸುಳಿವನ್ನು 1964ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ಸಂಸ್ಥೆಯ ವಿನ್ಸೆಂಟ್ ಆಲ್‌ಫ್ರೀ ಕೊಟ್ಟರು. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ಗುಂಪು ಅಂಟಿಕೊಂಡರೆ ಅದರ ಧನ ವಿದ್ಯುದಂಶ ಅಷ್ಟರಮಟ್ಟಿಗೆ ಮಾಯವಾಗುತ್ತದೆ, ಹಿಡಿತ ಸಡಿಲುತ್ತದೆ. ಅಸಿಟೈಲ್ ಎಂದರೆ ಗಾಬರಿ ಬೇಡ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ಹತ್ತಿರದ ನೆಂಟ. ಈ ಅಂಟಿಸುವ ಕೆಲಸ ಮಾಡುವ ಕಿಣ್ವಗಳು ಕೈಗೆ ಸಿಗಲು ಮತ್ತೆ ಮೂವತ್ತು ವರ್ಷ ಹಿಡಿಯಿತು. 1996ರಲ್ಲಿ ಗೊತ್ತಾದವುಗಳಲ್ಲಿ ಒಂದು ಪಿ300, ಇನ್ನೊಂದು ಅದರ ಸೋದರ ಸಿಬಿಪಿ. ಇವು ಎಷ್ಟು ಮುಖ್ಯವೆಂದರೆ, ತಂದೆಯಿಂದೊಂದು ತಾಯಿಯಿಂದೊಂದು ಎಂದು ನಮಗೆ ಬರುವ ಸಿಬಿಪಿಯ ಎರಡು ವಂಶವಾಹಿಗಳಲ್ಲಿ ಒಂದು ಕೆಟ್ಟರೂ ಮಗುವಿನ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಇನ್ನೊಂದು ಒಳ್ಳೆಯದಿದ್ದರೂ ಸಾಲದು. ಅದಕ್ಕೆ ರೂಬಿನ್‌ಸ್ಟೈನ್-ಟೇಬಿ ರೋಗಲಕ್ಷಣ ಎಂದು ಹೆಸರು.

ಕುಂಡು ಅವರು ಜಕ್ಕೂರಿಗೆ ಬರುವ ಮೊದಲು ಅದೇ ರಾಕಫೆಲರ್‌ನಲ್ಲಿ ಪಿ300 ಬಗ್ಗೆ ಕೆಲಸ ಮಾಡಿದ್ದವರು. ಇಲ್ಲಿ ಅವರು ಹಾಕಿಕೊಂಡ ಪ್ರಶ್ನೆ ಸರಳವಾದದ್ದು. ಈ ಕಿಣ್ವದ ಕೈ ಕಟ್ಟುವ ಅಣು ಯಾವುದು? ಅದನ್ನು ಹುರಿದುಂಬಿಸುವ ಅಣು ಯಾವುದು? ಕೆಲವು ಕ್ಯಾನ್ಸರ್‌ಗಳಲ್ಲಿ ಈ ಕಿಣ್ವ ಅತಿಯಾಗಿ ದುಡಿಯುತ್ತದೆ, ಅಲ್ಲಿ ಕೈ ಕಟ್ಟಬೇಕು. ಇನ್ನು ಕೆಲವು ನರರೋಗಗಳಲ್ಲಿ ಅಸಿಟೈಲ್ ಸಾಲದು, ಅಲ್ಲಿ ಹುರಿದುಂಬಿಸಬೇಕು.

ಗೇರು, ಪುನರ್ಪುಳಿ, ಅರಿಶಿನ

ನನ್ನ ತಾಯಿಯ ತವರು ಕುಂದಾಪುರದ ಕಡೆ. ಚಿಕ್ಕಂದಿನಲ್ಲಿ ಹಸಿ ಗೇರುಬೀಜ ಕಚ್ಚಿ ತುಟಿ ಸುಟ್ಟುಕೊಂಡು ಮೂರು ದಿನ ಗಂಜಿ ಕುಡಿದದ್ದು ನೆನಪಿದೆ. ಆ ಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಅನಕಾರ್ಡಿಕ್ ಆಮ್ಲ. ಚರ್ಮ ಸುಡುವುದರಲ್ಲಿ ಅದರ ಕೈವಾಡವಿದೆ. ಹುರಿದಾಗ ಅದು ರೂಪ ಬದಲಿಸಿ ಕಾರ್ಡನಾಲ್ ಎಂಬ ದ್ರವವಾಗುತ್ತದೆ. ಲಾರಿ, ಬಸ್ಸುಗಳ ಬ್ರೇಕ್ ಲೈನಿಂಗ್ ತಯಾರಿಸುವವರು ಈ ಎಣ್ಣೆಯನ್ನು ಬಳಸುತ್ತಾರೆ.

2003ರಲ್ಲಿ ಜಕ್ಕೂರಿನ ತಂಡ ಪ್ರಕಟಿಸಿದ ಸಂಗತಿ ಏನೆಂದರೆ, ಅನಕಾರ್ಡಿಕ್ ಆಮ್ಲ ಪಿ300ಕ್ಕೂ ಬ್ರೇಕ್ ಹಾಕುತ್ತದೆ. ಮರುವರ್ಷ ಪುನರ್ಪುಳಿ ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಕೂಡ ಅದೇ ಕೆಲಸ ಮಾಡುತ್ತದೆಂದು ತೋರಿಸಿದರು. ಬೇಸಗೆಯಲ್ಲಿ ಪಾನಕ ಮಾಡುವ ಪುನರ್ಪುಳಿ, ಮಲೆನಾಡಿನವರಿಗೆ ಮುರುಗಲು. ಅದೇ 2004ರ ಕೊನೆಯಲ್ಲಿ ಮೂರನೆಯ ಪ್ರಬಂಧ: ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಸಹ ಪಿ300, ಸಿಬಿಪಿಗಳ ಕೈ ಕಟ್ಟುತ್ತದೆ.

ಮೂರನ್ನೂ ಓದುವಾಗ ನನಗೆ ಹೆಮ್ಮೆಯಾದದ್ದು ನಿಜ. ಜೊತೆಗೇ ಸ್ವಲ್ಪ ಅಳುಕೂ ಆಯಿತು. ಏಕೆಂದರೆ ಇಂಥ ಸುದ್ದಿ ಹೊರಬಿದ್ದ ಮರುದಿನವೇ ‘ನಮ್ಮ ಅಜ್ಜಿಗೆ ಇದೆಲ್ಲ ಗೊತ್ತಿತ್ತು’ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಅಜ್ಜಿಗೆ ಅರಿಶಿನ ಗೊತ್ತಿತ್ತು. ಗಾಯಕ್ಕೆ ಹಚ್ಚಲು ಗೊತ್ತಿತ್ತು. ಹಿಸ್ಟೋನ್ ಗೊತ್ತಿರಲಿಲ್ಲ. ಅದರಿಂದ ಅಜ್ಜಿಗೇನೂ ಅವಮಾನವಿಲ್ಲ.

2003ರ ಪ್ರಬಂಧದಲ್ಲೇ ಇನ್ನೊಂದು ಅಚ್ಚರಿಯಿತ್ತು. ಗೇರಿನ ಅನಕಾರ್ಡಿಕ್ ಆಮ್ಲವನ್ನೇ ಇಟ್ಟುಕೊಂಡು ಅದರ ಒಂದು ತುದಿಗೆ ಬೇರೆ ಗುಂಪು ಜೋಡಿಸಿ ತಯಾರಿಸಿದ ಸಿಟಿಪಿಬಿ ಎಂಬ ಅಣು ಪಿ300ದ ಕೈ ಕಟ್ಟುವ ಬದಲು ಅದನ್ನು ಹುರಿದುಂಬಿಸಿತು! ತಾಯಿ ಬ್ರೇಕು, ಮಗಳು ಆಕ್ಸಿಲರೇಟರು. ರಸಾಯನಶಾಸ್ತ್ರವನ್ನು ಬರೀ ಸೂತ್ರ ಉರು ಹೊಡೆಯುವ ವಿಷಯವೆಂದು ತಿಳಿದ ಮಕ್ಕಳು ಇದನ್ನು ಎರಡು ಸಲ ಓದಬೇಕು. ಅಣುವಿನ ಒಂದು ಮೂಲೆ ಬದಲಾದರೆ ಗುಣ ಪೂರ್ತಿ ತಿರುವುಮುರುವಾದೀತು.

ಆದರೆ ಸಿಟಿಪಿಬಿಗೆ ಒಂದು ಕೊರತೆ. ಪ್ರನಾಳದಲ್ಲಿ ಕಿಣ್ವದ ಜೊತೆ ಚೆನ್ನಾಗಿ ಕೆಲಸ ಮಾಡುವ ಅದು ಜೀವಕೋಶದ ಪೊರೆ ದಾಟಿ ಒಳಗೆ ಹೋಗದು. ಬಾಗಿಲ ಹೊರಗೇ ನಿಂತ ವೈದ್ಯನಿಂದ ಏನು ಪ್ರಯೋಜನ? ಅದೇ ಕೇಂದ್ರದ ಎಂ. ಈಶ್ವರಮೂರ್ತಿ ಅವರ ಬಳಿ ಗ್ಲೂಕೋಸಿನಿಂದ ಮಾಡಿದ ಇಂಗಾಲದ ಅತಿ ಸಣ್ಣ ಗೋಲಿಗಳಿದ್ದವು. ಅವು ಪೊರೆ ದಾಟಿ ಕೋಶಕೇಂದ್ರಕ್ಕೇ ಹೋಗಿ ಸೇರುತ್ತವೆ. ತಮ್ಮಷ್ಟಕ್ಕೆ ಮಿನುಗುವುದರಿಂದ ಎಲ್ಲಿಗೆ ಹೋದವೆಂದು ಸೂಕ್ಷ್ಮದರ್ಶಕದಲ್ಲಿ ಪತ್ತೆ ಮಾಡಲೂಬಹುದು. 2008ರಲ್ಲಿ ಎರಡೂ ಗುಂಪುಗಳು ಸೇರಿ ಸಿಟಿಪಿಬಿಯನ್ನು ಈ ಗೋಲಿಗಳ ಬೆನ್ನೇರಿಸಿದವು. ಇಲಿಗೆ ಚುಚ್ಚಿದಾಗ ಅದು ಮಿದುಳನ್ನೂ ಮುಟ್ಟಿತು. ರಕ್ತದಿಂದ ಮಿದುಳಿಗೆ ಸುಲಭವಾಗಿ ಏನನ್ನೂ ಬಿಡದ ಕಾವಲು ನಮ್ಮ ದೇಹದಲ್ಲಿದೆ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಮುಂದೆ ಸಿಟಿಪಿಬಿಯ ಉದ್ದನೆಯ ಬಾಲವಿಲ್ಲದ ಅದರ ಸೋದರ ಅಣುವೊಂದನ್ನು ಮಾಡಿದರು. ಹೆಸರು ಟಿಟಿಕೆ21. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ವಿಜ್ಞಾನಿಗಳೊಂದಿಗೆ ಅದನ್ನು ಗೋಲಿಗಳ ಮೇಲೇರಿಸಿ ಆರೋಗ್ಯವಂತ ಇಲಿಗಳಿಗೆ ಕೊಟ್ಟಾಗ ಮಿದುಳಿನಲ್ಲಿ ಹೊಸ ನರಕೋಶಗಳು ಹೆಚ್ಚು ಚೆನ್ನಾಗಿ ಬಲಿತವು, ಕಲಿತದ್ದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯಿತು. ಇದು ಪ್ರಕಟವಾದದ್ದು 2013ರಲ್ಲಿ. (ಪರೀಕ್ಷೆ ಹತ್ತಿರವಿರುವ ಮಕ್ಕಳ ತಂದೆತಾಯಿಗಳು ದಯವಿಟ್ಟು ಅಂಗಡಿಯಲ್ಲಿ ಕೇಳಬೇಡಿ. ಸಿಗುವುದಿಲ್ಲ.)

ಲಂಡನ್ನಿನ ಇಲಿಗಳು

ಈಗ ಆ ತಾಯಿಯ ಪ್ರಶ್ನೆಗೆ ಹತ್ತಿರ ಬಂದೆವು.

ಕೈಬೆರಳಿನ ನರ ತುಂಡಾದರೆ ನಿಧಾನವಾಗಿಯಾದರೂ ಮತ್ತೆ ಬೆಳೆಯಬಲ್ಲದು. ಬೆನ್ನುಹುರಿಯೊಳಗಿನ ನರಕೋಶದ ಉದ್ದನೆಯ ಎಳೆ ತುಂಡಾದರೆ ಬೆಳೆಯದು. ಮಗು ಗರ್ಭದಲ್ಲಿದ್ದಾಗ ಇದೇ ಎಳೆಗಳು ಮಿದುಳಿನಿಂದ ಸೊಂಟದವರೆಗೆ ತಾವಾಗಿಯೇ ಬೆಳೆದವು ತಾನೆ? ಆಗ ಬಳಸಿದ ವಂಶವಾಹಿಗಳು ಎಲ್ಲಿಗೂ ಹೋಗಿಲ್ಲ. ಕೆಲಸ ಮುಗಿದ ಮೇಲೆ ಉರುಳೆಗೆ ಬಿಗಿಯಾಗಿ ಸುತ್ತಿ ಇಟ್ಟಿದೆ. ಬೆನ್ನುಹುರಿಯ ಎಳೆ ಮತ್ತೆ ಬೆಳೆಯದಿರಲು ಇದೊಂದೇ ಕಾರಣವಲ್ಲ. ಗಾಯದ ಜಾಗದಲ್ಲಿ ಕಲೆ ಕಟ್ಟುವುದೂ ಎಳೆಯ ದಾರಿಗೆ ಅಡ್ಡ. ಆದರೂ ಇದು ದೊಡ್ಡ ಕಾರಣಗಳಲ್ಲಿ ಒಂದು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಿಮೋನೆ ಡಿ ಜೊವಾನಿ ಅವರ ತಂಡ ಒಂದು ವಿಚಿತ್ರ ಗಮನಿಸಿತು. ಪೆಟ್ಟಾಗುವ ಮೊದಲು ವಿಶಾಲವಾದ ಪಂಜರದಲ್ಲಿ, ಹೆಚ್ಚು ಒಡನಾಡಿಗಳ ಜೊತೆ, ಆಟದ ಸಾಮಾನುಗಳ ನಡುವೆ ಬೆಳೆದ ಇಲಿಗಳಲ್ಲಿ ತುಂಡಾದ ಎಳೆಗಳು ಹೆಚ್ಚು ಬೆಳೆದವು. ಕಾರಣ ಹುಡುಕಿದರೆ ಸಿಕ್ಕಿದ್ದು ಸಿಬಿಪಿ! ಚಟುವಟಿಕೆಯಿಂದಿದ್ದ ನರಕೋಶಗಳಲ್ಲಿ ಸಿಬಿಪಿ ಚುರುಕಾಗಿ, ಹಿಸ್ಟೋನಿಗೆ ಅಸಿಟೈಲ್ ಅಂಟಿಸಿ, ಬೆಳವಣಿಗೆಯ ವಂಶವಾಹಿಗಳ ದಾರ ಸಡಿಲಿಸಿತ್ತು. ಹಾಗಾದರೆ ಆಟದ ಪಂಜರದ ಬದಲು ಸಿಬಿಪಿಯನ್ನು ಹುರಿದುಂಬಿಸುವ ಅಣುವನ್ನೇ ಕೊಟ್ಟರೆ? ಆ ಅಣು ಇದ್ದದ್ದು ಜಕ್ಕೂರಿನಲ್ಲಿ. ಬೆನ್ನುಹುರಿಗೆ ಪೆಟ್ಟಾದ ಇಲಿಗಳಿಗೂ ಹೆಗ್ಗಣಗಳಿಗೂ ಗೋಲಿ ಸಮೇತ ಟಿಟಿಕೆ21 ಕೊಟ್ಟರು. ಸಂವೇದನೆಯ ಎಳೆಗಳೂ ಚಲನೆಯ ಎಳೆಗಳೂ ಚಿಗುರಿದವು, ಸ್ಪರ್ಶ ಮತ್ತು ನಡಿಗೆ ಒಂದು ಮಟ್ಟಕ್ಕೆ ಸುಧಾರಿಸಿದವು. ಇದು ವರದಿಯಾದದ್ದು 2019ರಲ್ಲಿ.

ಅಚ್ಚು ಹಾಕಿಸಿದ ಆ ಹಾಳೆಯ ಹಿಂದಿದ್ದ ನಿಜ ಇದು. ಅದನ್ನು ಬರೆದವರು ಯಾರೋ ಎರಡು ಬೇರೆ ಬೇರೆ ಪ್ರಬಂಧಗಳನ್ನು ಬೆಸೆದುಬಿಟ್ಟಿದ್ದರು. ಅರಿಶಿನದ ಕರ್ಕ್ಯುಮಿನ್ ಸಿಬಿಪಿಯ ಕೈ ಕಟ್ಟುವ ಅಣು. ನರ ಚಿಗುರಿಸಿದ್ದು ಅದಕ್ಕೆ ಸರಿಯಾಗಿ ವಿರುದ್ಧವಾದ ಕೆಲಸ ಮಾಡುವ ಅಣು. ಆ ತಾಯಿ ತಿಂಗಳುಗಟ್ಟಲೆ ಮಗನಿಗೆ ಕೊಡುತ್ತಿದ್ದದ್ದು, ಲೆಕ್ಕದ ಪ್ರಕಾರ, ಬ್ರೇಕನ್ನು.

ಹಾಗೆಂದು ಅದರಿಂದ ನರಕ್ಕೆ ಹಾನಿಯಾಗಿದೆ ಎಂದಲ್ಲ. ಅರಿಶಿನದ ತೂಕದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಭಾಗದ ಆಸುಪಾಸು; ಅದರಲ್ಲಿ ಕರುಳು ದಾಟಿ ರಕ್ತ ಸೇರುವುದು ಅತ್ಯಲ್ಪ. ಜಕ್ಕೂರಿನವರೂ ಇದನ್ನು ಬಲ್ಲರು. ಬಾಯಿ ಕ್ಯಾನ್ಸರಿನ ಅಂಗಾಂಶಗಳಲ್ಲಿ ಹಿಸ್ಟೋನುಗಳಿಗೆ ಅತಿಯಾಗಿ ಅಸಿಟೈಲ್ ಅಂಟಿರುವುದನ್ನು ಕಂಡ ಅವರು, ಅರಿಶಿನ ತಿನ್ನಿ ಎಂದು ಹೇಳಲಿಲ್ಲ. ಕರ್ಕ್ಯುಮಿನ್ನಿನಿಂದ ನೀರಿನಲ್ಲಿ ಕರಗುವ ಸಿಟಿಕೆ7ಎ ಎಂಬ ಬೇರೆಯೇ ಅಣು ಮಾಡಿ, ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗುವುದನ್ನು 2010ರಲ್ಲಿ ತೋರಿಸಿದರು. ಸಾರಿಗೆ ಹಾಕುವ ಅರಿಶಿನದ ತಂಟೆಗೆ ಹೋಗುವುದು ಬೇಡ. ಆದರೆ ಸಾರ ಇಳಿಸಿ, ಹೆಚ್ಚು ಹೀರಿಕೆಯಾಗಲೆಂದು ಮೆಣಸಿನ ಸಾರ ಬೆರೆಸಿ ಮಾರುವ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅಡುಗೆಮನೆಯದು ಎಂದ ಮಾತ್ರಕ್ಕೆ ಡಬ್ಬಿಯದೂ ನಿರಪಾಯ ಎಂದುಕೊಳ್ಳಬಾರದು. ಅವರ ವೈದ್ಯರನ್ನು ಕೇಳದೆ ಇನ್ನೊಂದು ಡಬ್ಬಿ ತರಿಸಬೇಡಿ ಎಂದು ಹೇಳುವುದಾಗಿ ನಿಶ್ಚಯಿಸಿಕೊಂಡೆ.

ಹೇಳಲು ಕಷ್ಟವಾದದ್ದು ಅದಲ್ಲ, ಇನ್ನೊಂದು. 2019ರ ಇಲಿಗಳು ಆಗಷ್ಟೇ ಪೆಟ್ಟಾದವು. ನನ್ನ ಹುಡುಗನಿಗೆ ಪೆಟ್ಟಾಗಿ ನಾಲ್ಕು ವರ್ಷ. ಹಳೆಯ ಗಾಯಕ್ಕೆ ಇದು ನಾಟುತ್ತದೆಯೇ? ಲಂಡನ್ ತಂಡ ಅದನ್ನೂ ನೋಡಿದೆ. ಬೆನ್ನುಹುರಿ ಕತ್ತರಿಸಿ 12 ವಾರ ಹಾಗೇ ಬಿಟ್ಟು, ಅನಂತರ 22ನೆಯ ವಾರದವರೆಗೆ ವಾರಕ್ಕೊಮ್ಮೆ ಟಿಟಿಕೆ21 ಕೊಟ್ಟರು; ಜೊತೆಗೆ ಆಟದ ಪಂಜರವೂ ಇತ್ತು. 2022ರಲ್ಲಿ ಫಲಿತಾಂಶ ಬಂತು. ಎಳೆಗಳು ಬೆಳೆದವು, ಕವಲೊಡೆದವು, ಹೊಸ ಕೂಡಿಕೆಗಳ ಗುರುತೂ ಕಂಡಿತು. ಆದರೆ ಇಲಿಗಳ ಸ್ಪರ್ಶವಾಗಲಿ ನಡಿಗೆಯಾಗಲಿ ಸುಧಾರಿಸಲಿಲ್ಲ. ತಮ್ಮ ಪ್ರಬಂಧದ ಸಾರಾಂಶದಲ್ಲೇ ಅವರು ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಭಾನುವಾರ ಬೆಳಿಗ್ಗೆ ಆ ಪ್ರಬಂಧದ ಪ್ರತಿಯನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ. ಅದು ಯಾರು ಬೇಕಾದರೂ ಹಣ ಕೊಡದೆ ಓದಬಹುದಾದ ಪತ್ರಿಕೆಯಲ್ಲಿ ಪ್ರಕಟವಾದದ್ದು. ಹುಡುಗ ಗಾಲಿಕುರ್ಚಿಯಲ್ಲಿ ಕಂಪ್ಯೂಟರಿನ ಮುಂದಿದ್ದ. ಎರಡು ಅಂಗಡಿಗಳ ಲೆಕ್ಕ ಬರೆದುಕೊಡುತ್ತಾನಂತೆ. ತಾಯಿ ಕಾಫಿ ತಂದಿಟ್ಟು ಅಲ್ಲೇ ಕುಳಿತರು. ನಾನು ನೂಲು, ಉರುಳೆ, ಬ್ರೇಕು ಎಲ್ಲ ಹೇಳಿ ಮುಗಿಸಿದೆ. ಈ ದಾರಿಯಲ್ಲಿ ಔಷಧಿ ಬರುವುದೇ ಇಲ್ಲವೆಂದಲ್ಲ, ಹಿಸ್ಟೋನಿನಿಂದ ಅಸಿಟೈಲ್ ಕೀಳುವ ಕಿಣ್ವಗಳನ್ನು ತಡೆಯುವ ವೊರಿನೊಸ್ಟ್ಯಾಟ್ ಎಂಬ ಔಷಧಿಗೆ ಒಂದು ಬಗೆಯ ಚರ್ಮದ ಕ್ಯಾನ್ಸರಿನಲ್ಲಿ ಬಳಸಲು 2006ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ ಎಂದೂ ಹೇಳಿದೆ. ಆದರೆ ಬೆನ್ನುಹುರಿಯ ವಿಷಯದಲ್ಲಿ ನಾನು ಹೇಳಿದ್ದೆಲ್ಲ ಇಲಿ ಹೆಗ್ಗಣಗಳ ಕತೆ ಎಂದೆ. ಆಕೆ ಡಬ್ಬಿಯನ್ನು ತೆಗೆದು ಸೀರೆಯ ಸೆರಗಿನಡಿ ಇಟ್ಟುಕೊಂಡರು. ಏನೂ ಹೇಳಲಿಲ್ಲ.

ಹುಡುಗ ಮಾತ್ರ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ.

‘ಎಳೆ ಬೆಳೆಯಿತು ಅಂತೀರಿ. ಮತ್ತೆ ಇಲಿ ಯಾಕೆ ನಡೆಯಲಿಲ್ಲ ಸಾರ್?’

ಮಿದುಳಿನ ಹೊರಪದರದ ಚಲನೆಯ ನರಕೋಶಗಳಲ್ಲಿ ಬೆಳವಣಿಗೆಯ ವಂಶವಾಹಿಗಳು ಎದ್ದಂತೆ ಕಾಣಲಿಲ್ಲವಂತೆ, ಸಂವೇದನೆಯ ಕೋಶಗಳಲ್ಲಿ ಮಾತ್ರ ಎದ್ದವಂತೆ ಎಂದೆ. ಅಲ್ಲದೆ ಕಂಬದಿಂದ ತಂತಿ ಎಳೆದರೆ ಸಾಲದು, ಸರಿಯಾದ ಮನೆಗೇ ಜೋಡಿಸಬೇಕಲ್ಲ ಎಂದೆ.

‘ಅಂದರೆ ಕೋಶವನ್ನು ಎಬ್ಬಿಸೋದು ಒಂದು, ದಾರಿ ತೋರಿಸೋದು ಇನ್ನೊಂದು. ಎರಡನೇದನ್ನ ಯಾರು ಮಾಡ್ತಿದ್ದಾರೆ?’

ನನ್ನ ಬಳಿ ಉತ್ತರ ಸಿದ್ಧವಿರಲಿಲ್ಲ. ಪ್ರತಿಯನ್ನು ತನ್ನ ಬಳಿಯೇ ಇಟ್ಟುಕೊಂಡ. ಅದರಲ್ಲಿನ ಗ್ರಾಫುಗಳನ್ನು ಓದುವುದು ಹೇಗೆಂದು ಬರುವ ಭಾನುವಾರ ಹೇಳಿಕೊಡಬೇಕಂತೆ. ಬರುವಾಗ ಪಿಯುಸಿಯ ಜೀವಶಾಸ್ತ್ರದ ಪುಸ್ತಕವನ್ನೂ ತರಬೇಕಂತೆ.